ಅಕ್ಕೋರು ಬರೆಸಿದ ಶಾಂತಿಯ ಅರ್ಜಿ

ಅಕ್ಕೋರ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಚಿಕ್ಕವರಿದ್ದಾಗ ಬಾಗಿಲ ಸಂದಿಗೆ ಸಿಕ್ಕು ಹಾಗಾದದ್ದಂತೆ. ಪೆನ್ನನ್ನು ತೋರುಬೆರಳು, ನಡುಬೆರಳಿನ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದರು. ಅಕ್ಷರಗಳೆಲ್ಲ ಎಡಕ್ಕೆ ವಾಲುತ್ತಿದ್ದವು. ಚರ್ಚಿನ ಶಾಲೆಯಲ್ಲಿ ಅವರ ಕೈಯಲ್ಲಿ ಕಲಿತ ನಾವೂ ಹಾಗೆಯೇ ಬರೆದು ಮುಂದಿನ ಮಾಸ್ತರರಿಂದ ಬೈಸಿಕೊಂಡವರು.

ರಾಣೆಬೆನ್ನೂರಿನ ಪೇಟೆಯಲ್ಲಿ ಅವರ ಜೊತೆ ನಡೆಯುವುದೆಂದರೆ ನನಗೆ ಮುಜುಗರ. ಅಂಗಡಿಯ ಬೋರ್ಡಿನಲ್ಲಿ ಕಾಗುಣಿತ ತಪ್ಪಿದ್ದರೆ ಒಳಗೆ ಹೋಗಿ ಮಾಲೀಕನಿಗೆ ಹೇಳಿಯೇ ಬರುವರು. "ಯಾಕ ಬೇಕ್ರಿ ಅಕ್ಕೋರ?" ಎಂದರೆ, "ಕಂಡ ಮ್ಯಾಲ ಹೇಳಬೇಕಲ್ಲವಾ" ಎನ್ನುವರು. ಮುಂದಿನ ವಾರ ಮತ್ತೆ ಹೋಗಿ, ತಿದ್ದಿದ್ದಾರೋ ಇಲ್ಲವೋ ನೋಡುವರು.

ಇರಾಕ್ ಕುವೈತನ್ನು ವಶಪಡಿಸಿಕೊಂಡ ವರ್ಷ ಅವರು ನಿವೃತ್ತರಾಗಿದ್ದರು. ನಾನು ಟೈಪಿಂಗ್ ಕ್ಲಾಸೊಂದರಲ್ಲಿ ಕಲಿಸುತ್ತಿದ್ದೆ. ನನ್ನ ಅಣ್ಣ ಕುವೈತಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಆಗಸ್ಟಿನಿಂದ ಅವನ ಕಾಗದವಿಲ್ಲ, ಸುದ್ದಿಯಿಲ್ಲ. ಅವ್ವ ರೇಡಿಯೊ ಬಿಟ್ಟು ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಕ್ಕೋರು ಕ್ಲಾಸಿಗೆ ಬಂದು ಎಡಕ್ಕೆ ವಾಲಿದ ಅಕ್ಷರಗಳ ಒಂದು ಹಾಳೆಯನ್ನು ನನ್ನ ಮುಂದಿಟ್ಟರು. ಊರಿನ ಎಲ್ಲ ಧರ್ಮಗಳ ಹಿರಿಯರು ಕೇಂದ್ರ ಸರಕಾರಕ್ಕೆ ಬರೆಯುವ ಅರ್ಜಿ ಅದು. ಸುಮ್ಮನಿರಬೇಡಿ, ಎರಡೂ ಕಡೆಯವರನ್ನು ಮಾತಿಗೆ ಕೂರಿಸಿ, ಯುದ್ಧ ತಪ್ಪಿಸಿ, ಅಲ್ಲಿ ಸಿಕ್ಕಿಕೊಂಡವರನ್ನು ಕರೆತನ್ನಿ ಎಂದಿತ್ತು. ಓದುತ್ತ ನನ್ನ ಕಣ್ಣು ತುಂಬಿತು. ಆವತ್ತು ಒಂದೂ ತಪ್ಪಿಲ್ಲದೆ ಟೈಪ್ ಮಾಡಿದೆ.

ಸಹಿ ಮಾಡಿಸುವುದು ಅಷ್ಟು ಸುಲಭವಾಗಲಿಲ್ಲ. ಪಾದ್ರಿಗಳು ಅರ್ಜಿಯನ್ನು ಒಪ್ಪಿದರು, ಆದರೆ ಮೊದಲ ಸಹಿ ತಮ್ಮದು ಬೇಡ ಎಂದರು. ಮಸೀದಿಯ ಮೌಲ್ವಿಸಾಹೇಬರೂ ಅದನ್ನೇ ಹೇಳಿದರು. "ಮೊದಲ ನಾ ಸಹಿ ಮಾಡಿದ್ರ ಇರಾಕಿನ ಕಡೆಯಾಂವ ಅಂತಾರ. ಪಾದ್ರಿಗಳ ಹಿಂದ ಮಾಡ್ತೇನಿ, ಅಕ್ಕೋರ." ಅಕ್ಕೋರು ಇಬ್ಬರ ನಡುವೆ ನಾಲ್ಕು ಸಲ ಓಡಾಡಿದರು. ಕಡೆಗೆ ನನ್ನಿಂದ ಅರ್ಜಿಯನ್ನು ಹಾಳೆಯ ನಟ್ಟನಡುವೆ ಬರುವಂತೆ ಮತ್ತೊಮ್ಮೆ ಟೈಪ್ ಮಾಡಿಸಿ, ಇಬ್ಬರಿಂದಲೂ ಅದರ ಸುತ್ತ ದುಂಡಗೆ ಸಹಿ ಹಾಕಿಸಿದರು. "ಈಗ ಹೇಳ್ಲಿ, ಮೊದಲ ಯಾರು, ಕಡಿಗೆ ಯಾರು!" ಎಂದು ಹುಡುಗಿಯಂತೆ ನಕ್ಕರು.

ಸರಕಾರದ ಮೂಲಕವೇ ಹೋಗಲಿ ಎಂದು ಅದನ್ನು ತಹಶೀಲ್ದಾರರ ಕಚೇರಿಗೆ ಕೊಂಡೊಯ್ದೆವು. ಅಲ್ಲಿನ ಗುಮಾಸ್ತ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮೊದಲನೇ ಅರ್ಜಿದಾರ ಯಾರ್ರಿ ಇದರಾಗ?"

"ಇಬ್ರೂ ಮೊದಲನೇದವರ."

"ಹಂಗ ಬರಂಗಿಲ್ರಿ. ಒಂದನೇ ನಂಬರ್ ಇಲ್ಲದ ತಗೊಳ್ಳಾಕ ಆಗಂಗಿಲ್ಲ. ಅದೂ ಅಲ್ಲದ, ಯುದ್ಧದ ವಿಷಯ ನಮ್ಮ ಕಚೇರಿಗೆ ಬರಂಗಿಲ್ಲ."

ಹೊರಗೆ ಬಂದಾಗ ಅಕ್ಕೋರ ಮುಖ ಕೆಂಪಾಗಿತ್ತು. ಬೈದದ್ದು ನನ್ನನ್ನು: "ನೀ ಯಾಕ ಬಾಯಿ ಮುಚ್ಚಿಕೊಂಡು ನಿಂತಿದ್ದಿ?"

ಅಕ್ಟೋಬರಿನಲ್ಲಿ ಅಣ್ಣ ಬಂದ. ಮರುಭೂಮಿ ದಾಟಿ, ಬಿಡಾರಗಳಲ್ಲಿದ್ದು, ವಿಮಾನ ಹತ್ತಿ, ಮುಂಬಯಿಯಿಂದ ರೈಲಿನಲ್ಲಿ. ಅರ್ಧ ಮನುಷ್ಯನಾಗಿದ್ದ. ನೋಡಲು ಬಂದವರಲ್ಲಿ ಅಕ್ಕೋರೂ ಇದ್ದರು. ಅವನ ಬಳಿ ಕುಳಿತು ಏನೋ ಮಾತಾಡಿ ಹೋದರು. ನಾನು ಒಳಗೆ ಚಹಾ ಮಾಡುತ್ತಿದ್ದೆ. ಅರ್ಜಿಯ ಸಂಗತಿ ನನ್ನ ಮಟ್ಟಿಗೆ ಅಲ್ಲಿಗೆ ಮುಗಿದಿತ್ತು.

ಜನವರಿಯಲ್ಲಿ ಅವರು ಮತ್ತೆ ಕ್ಲಾಸಿಗೆ ಬಂದರು. "ಬ್ಯಾಡಗಿ ಕಡೆ ಒಬ್ಬ ಅಜ್ಜಾರು ಸಹಿ ಮಾಡ್ತೇನಿ ಅಂದಾರ. ಮಠದವರದೂ ಇದ್ರ ತೂಕ ಬರ್ತೈತಿ. ನಡಿ, ಹೋಗೂಣು."

"ಅಣ್ಣ ಬಂದನಲ್ರಿ ಅಕ್ಕೋರ. ಇನ್ಯಾಕ್ರಿ ಅದು?"

ಅವರು ನನ್ನನ್ನೇ ನೋಡಿದರು. ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಒಬ್ಬರೇ ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಮೆಣಸಿನಕಾಯಿ ಸುಗ್ಗಿಯ ಕಾಲ; ಬ್ಯಾಡಗಿಯ ಗಾಳಿಗೇ ಕೆಮ್ಮು ಬರುತ್ತದೆ. ಸಂಜೆ ಕೆಂಪು ಕಣ್ಣು, ಒಡೆದ ದನಿ ಹೊತ್ತು ಹಿಂದಿರುಗಿದರು. ಸ್ವಾಮಿಗಳ ಸಹಿ ಸಿಕ್ಕಿತ್ತು.

ಮರುದಿನ ಬೆಳಿಗ್ಗೆ ರೇಡಿಯೊ ಹೇಳಿತು: ಇರಾಕಿನ ಮೇಲೆ ಬಾಂಬು ಬೀಳತೊಡಗಿವೆ.

ಕ್ಲಾಸು ತೆರೆಯುವ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ಕುಳಿತಿದ್ದರು. "'ಯುದ್ಧ ತಪ್ಪಿಸಿ' ಅನ್ನೂದನ್ನ ತಗದು 'ನಿಲ್ಲಿಸಿ' ಅಂತ ಮಾಡು. ಹೊಸಾ ಹಾಳಿ ಹಾಕು."

ಅಂದರೆ ಸಹಿಗಳೂ ಮೊದಲಿನಿಂದ! ನನಗೆ ತಾಳ್ಮೆ ತಪ್ಪಿತು. "ಇದನ್ನ ಯಾರೂ ಓದಂಗಿಲ್ರಿ ಅಕ್ಕೋರ!"

ಅವರು ಮೇಜಿನ ಮೇಲೆ ಕೈ ಬಡಿದರು. ಕಲಿಯಲು ಬಂದಿದ್ದ ಹುಡುಗಿಯರ ಟೈಪಿಂಗ್ ನಿಂತಿತು. "ನನಗೇನು ಗೊತ್ತಿಲ್ಲಂತ ತಿಳದೀಯೇನು? ಸುಮ್ನ ಕುಂತ್ರ ಸಿಟ್ಟು ಬರ್ತೈತವಾ. ಆ ಸಿಟ್ಟು ಯಾರ ಮ್ಯಾಲ ಹಾಕ್ಲಿ? ಟೈಪ್ ಮಾಡು."

ಸಿಟ್ಟಿನಿಂದಲೇ ಟೈಪ್ ಮಾಡಿದೆ. ಮೂರು ತಪ್ಪು ಮಾಡಿದೆ, ಮೂರನ್ನೂ ಹಿಡಿದರು. ಮೂವರು ಹಿರಿಯರೂ ಎರಡನೆಯ ಸಲ ಸಹಿ ಹಾಕಿಕೊಟ್ಟರು. ಅಕ್ಕೋರು ಅದನ್ನು ನೇರ ದೆಹಲಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು.

ಉತ್ತರ ಬಂದಾಗ ಯುದ್ಧ ಮುಗಿದಿತ್ತು. ಒಂದೇ ಸಾಲು: ಅರ್ಜಿಯನ್ನು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಕಳಿಸಬೇಕು. ಅಕ್ಕೋರು ಎರಡು ಸಲ ಓದಿದರು. "ಮಠ, ಮಸೀದಿ, ಚರ್ಚು ಒಂದ ಮಾತಿಗೆ ಬಂದ್ವು. ಇವರಿಗೆ ಭಾಷಾ ತೊಡಕಾತು!"

ಅದಾಗಿ ಐದಾರು ವರ್ಷಕ್ಕೆ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಅಣ್ಣ ಪಡಸಾಲೆಯಲ್ಲಿ ಕುಳಿತು ಅಳತೊಡಗಿದ. ಅವನು ಅವರ ವಿದ್ಯಾರ್ಥಿಯಲ್ಲ, ನನಗೆ ಆಶ್ಚರ್ಯವಾಯಿತು.

"ನಾ ಬಂದಾಗ ಊರ ಮಂದಿಯೆಲ್ಲ ಏನು ತಂದಿ, ಏನು ಕಳಕೊಂಡಿ ಅಂತ ಕೇಳಿದ್ರು," ಎಂದ. "ಅಕ್ಕೋರೊಬ್ರ ಬ್ಯಾರೇ ಕೇಳಿದ್ರು. 'ನಿನ್ನ ಕೂಡ ಇದ್ದವರು ಯಾರು ಅಲ್ಲೇ ಉಳದಾರಪ್ಪಾ?' ಅಂದ್ರು."

ಗ್ಯಾರೇಜಿನಲ್ಲಿ ಬಣ್ಣ ಹಚ್ಚುವ ಇರಾಕಿ ಮುದುಕನೊಬ್ಬನಿದ್ದನಂತೆ. ಇಪ್ಪತ್ತು ದಿನ ಅಣ್ಣನನ್ನು ತನ್ನ ಕೋಣೆಯಲ್ಲಿಟ್ಟುಕೊಂಡು ರೊಟ್ಟಿ ಹಾಕಿ, ಗಡಿಯ ಕಡೆ ಹೋಗುವ ಲಾರಿ ಹತ್ತಿಸಿ, ತಾನು ಬಸರಾದ ಮನೆಗೆ, ಹೆಂಡತಿ ಮಕ್ಕಳ ಬಳಿಗೆ ಹೋದನಂತೆ. ಜನವರಿಯಲ್ಲಿ ಬಾಂಬು ಬಿದ್ದ ಊರುಗಳಲ್ಲಿ ಬಸರಾವೂ ಒಂದು. ಆಮೇಲೆ ಅವನ ಸುದ್ದಿಯಿಲ್ಲ.

ಅಕ್ಕೋರಿಗೆ ಆ ಮುದುಕನ ಸಂಗತಿ ಅಣ್ಣ ಬಂದಾಗಲೇ ಗೊತ್ತಾಗಿತ್ತು. ಗೊತ್ತಿದ್ದೇ ಆವತ್ತು ಒಬ್ಬರೇ ಬ್ಯಾಡಗಿಯ ಬಸ್ ಹತ್ತಿದ್ದರು. ಒಂದೇ ಮನೆಯಲ್ಲಿದ್ದೂ ನಾನು ಇಷ್ಟು ವರ್ಷ ಅಣ್ಣನನ್ನು ಏನೂ ಕೇಳಿರಲಿಲ್ಲ.

ಅವನ ಎದುರಿಗೆ ಕುಳಿತೆ. "ಆ ಅಜ್ಜನ ಹೆಸರೇನಿತ್ತೋ ಅಣ್ಣಾ?"

ಅಣ್ಣ ಕಣ್ಣೊರೆಸಿಕೊಂಡು ಹೇಳಿದ. ಆ ಅಜ್ಜನ ಹೆಂಡತಿಯ ಹೆಸರನ್ನೂ, ಇಬ್ಬರು ಹೆಣ್ಣುಮಕ್ಕಳ ಹೆಸರನ್ನೂ ಹೇಳಿದ.