ಸೋಮವಾರದ ಆಲೂಗಡ್ಡೆ ಪಲ್ಯ

ನಮ್ಮ ಮನೆಯವರು ಒಂದು ದಿನ ಅಂಗಡಿಯಿಂದ ಒಂದೇ ಚಪ್ಪಲಿಯಲ್ಲಿ ಬಂದರು. ಇನ್ನೊಂದು ದಾರಿಯಲ್ಲೆಲ್ಲೋ ಕಳಚಿ ಬಿದ್ದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಬಸವಕಲ್ಯಾಣದವರಿಗೆಲ್ಲ ಬಟ್ಟೆ ಅಳೆದು ಕೊಡುವ ಮನುಷ್ಯನಿಗೆ ತನ್ನ ಕಾಲೇ ನೆನಪಿಲ್ಲವಲ್ಲ ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಹುಮನಾಬಾದಿನ ಡಾಕ್ಟರು ನಗಲಿಲ್ಲ. ಮೂತ್ರವನ್ನು ನೀಲಿ ಔಷಧದಲ್ಲಿ ಹಾಕಿ ಕಾಯಿಸಿದರು. ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

ಡಯಾಬಿಟಿಸ್.

"ಅನ್ನ, ರೊಟ್ಟಿ ಕಡಿಮಿ ಮಾಡ್ರಿ ಅಮ್ಮಾ. ಪಲ್ಯ ಜಾಸ್ತಿ ಹಾಕ್ರಿ," ಎಂದು ನನಗೆ ಹೇಳಿ, ಕಾಲು ನೋಡಲು ಇವರೊಬ್ಬರನ್ನೇ ಒಳಗೆ ಕರೆದುಕೊಂಡು ಹೋದರು.

ನನಗೆ ದಾರಿ ಸಿಕ್ಕಂತಾಯಿತು. ಉಪವಾಸದ ದಿನ ನಮ್ಮಲ್ಲಿ ಅನ್ನವೂ ಇಲ್ಲ, ರೊಟ್ಟಿಯೂ ಇಲ್ಲ. ಸೋಮವಾರ ಮಾತ್ರ ಇದ್ದ ಉಪವಾಸಕ್ಕೆ ಗುರುವಾರ, ಶನಿವಾರಗಳನ್ನೂ ಸೇರಿಸಿದೆ. ದೇವರೂ ಒಲಿಯುತ್ತಾನೆ, ರೋಗವೂ ಇಳಿಯುತ್ತದೆ ಎಂಬ ಲೆಕ್ಕ ನನ್ನದು. ಆ ದಿನಗಳಲ್ಲಿ ಜೀರಿಗೆ, ಹಸಿಮೆಣಸಿನಕಾಯಿ ಹಾಕಿ ಆಲೂಗಡ್ಡೆ ಪಲ್ಯ ಮಾಡುತ್ತಿದ್ದೆ. ಜೊತೆಗೆ ಬೇಯಿಸಿದ ಗೆಣಸು, ಶೇಂಗಾ ಪುಡಿ ಉದುರಿಸಿದ ಸಾಬುದಾಣಿ. ಪಲ್ಯ ಜಾಸ್ತಿ ಹಾಕಿ ಎಂದಿದ್ದರಲ್ಲ, ಎರಡೆರಡು ಸಲ ಬಡಿಸುತ್ತಿದ್ದೆ. ಇವರು ತಟ್ಟೆ ಒರೆಸಿ ತಿನ್ನುತ್ತಿದ್ದರು. ನೋಡಿ ನನಗೂ ಹೊಟ್ಟೆ ತುಂಬುತ್ತಿತ್ತು. ಸುಳ್ಳು ಯಾಕೆ ಹೇಳಲಿ?

"ಪಥ್ಯ ನಡದದೇನ್ರಿ?" ಎಂದು ಹೋದಾಗಲೆಲ್ಲ ಡಾಕ್ಟರು ಕೇಳುವರು.

"ವಾರಕ್ಕ ಮೂರ್ ದಿನ ಉಪಾಸ ಮಾಡಾಕತ್ತಾರ್ರಿ," ಎಂದು ನಾನು ಹೆಮ್ಮೆಯಿಂದ ಹೇಳುವೆ. ಇವರು ನೆಲ ನೋಡುವರು.

"ಅಷ್ಟ್ಯಾಕ್ರಿ ಉಪಾಸ? ಆದರೂ ಶುಗರ್ ಇಳೀವಲ್ದಲ್ಲ," ಎಂದು ಡಾಕ್ಟರು ಗುಳಿಗೆ ಹೆಚ್ಚಿಸುವರು.

ಬೇಸಿಗೆಯಲ್ಲಿ ಇವರ ಕಾಲಿನ ಹೆಬ್ಬೆರಳಿಗೆ ಮುಳ್ಳು ಚುಚ್ಚಿತು. ನೋವಿಲ್ಲ ಎಂದರು. ಗಾಯ ಮಾಯಲಿಲ್ಲ. ಬೆರಳು ಕಪ್ಪಾಯಿತು, ಕಪ್ಪು ಪಾದಕ್ಕೂ ಏರಿತು. ಹುಮನಾಬಾದಿನಲ್ಲಿ ಅಡ್ಮಿಟ್ ಮಾಡಿದೆವು.

ಸೋಮವಾರ ವಾರ್ಡಿನಲ್ಲಿ ನಾನು ಡಬ್ಬಿ ಬಿಚ್ಚಿದೆ. ನರ್ಸ್ ಬಂದು ಬಗ್ಗಿ ನೋಡಿದಳು.

"ಇದೇನ್ರಿ ಅಕ್ಕಾ?"

"ಉಪಾಸದ್ದವ್ವ. ಊಟ ಅಲ್ಲ."

"ಆಲೂಗಡ್ಡಿ, ಗೆಣಸ, ಸಾಬುದಾಣಿ! ಎಲ್ಲಾ ಹೊಟ್ಟ್ಯಾಗ ಹೋಗಿ ಸಕ್ರೀನೇ ಆಗ್ತದಲ್ರಿ. ಇದಕ್ಕಿಂತ ಅರ್ಧ ರೊಟ್ಟಿ ಚಲೋ ಇತ್ತು."

ಡಬ್ಬಿ ಮುಚ್ಚಿದೆ.

ಮರುದಿನ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಒಂದು ವಾರ ನಾನು ಇವರ ಮುಖ ನೋಡಲಿಲ್ಲ. ವಿಷ ಹಾಕುವವಳಿಗಾದರೂ ತಾನು ಹಾಕುತ್ತಿರುವುದು ವಿಷವೆಂದು ಗೊತ್ತಿರುತ್ತದೆ. ನಾನು ಮುತುವರ್ಜಿಯಿಂದ, ಮಡಿಯುಟ್ಟು, ದೇವರ ಹೆಸರು ಹೇಳುತ್ತ ಬಡಿಸಿದ್ದೆ. ಕೊನೆಗೆ ತಡೆಯಲಾಗದೆ ಹಾಸಿಗೆಯ ಪಕ್ಕ ಕುಳಿತು ಅತ್ತೆ. "ನಿಮ್ಮ ಕಾಲ ನಾನೇ ಕಳದೆನ್ರಿ."

ಇವರು ಕಾಲಿಲ್ಲದ ಕಡೆ ಹೊದಿಕೆ ಎಳೆದುಕೊಂಡರು.

"ಅಳಬ್ಯಾಡ. ಆಲೂಗಡ್ಡಿ, ಗೆಣಸ ಮುಟ್ಟಬ್ಯಾಡ್ರಿ ಅಂತ ಡಾಕ್ಟರ್ ಮೊದಲನೇ ದಿನಾನೇ ನನಗ ಹೇಳಿದ್ರು. ನಿನಗ ಹೇಳಿದ್ರ ಅದೂ ಬಂದ್ ಮಾಡ್ತಿದ್ದಿ. ಹೇಳಲಿಲ್ಲ."

ಕಾಲು ಕಳೆದುಕೊಂಡ ಮನುಷ್ಯನನ್ನು ಬೈಯಬಾರದು. ನಾನು ಬೈದೆ. ವಾರ್ಡಿಗೆಲ್ಲ ಕೇಳುವಂತೆ ಬೈದೆ. ಆಮೇಲೆ ಇಬ್ಬರೂ ಅತ್ತೆವು. ಎದೆಯ ಭಾರ ಅರ್ಧ ಇಳಿಯಿತು. ಇನ್ನರ್ಧ ಇಳಿಯುವುದಿಲ್ಲ, ಕೇಳದೆ ಬಡಿಸಿದ ಕೈ ನನ್ನದೇ ಅಲ್ಲವೇ?

ಮನೆಗೆ ಬಂದು ಎರಡು ತಿಂಗಳಾಯಿತು. ಮೊನ್ನೆ ಶ್ರಾವಣ ಸೋಮವಾರ. ಮದುವೆಯಾದಾಗಿನಿಂದ ಆ ದಿನ ನಮ್ಮ ಒಲೆಯ ಮೇಲೆ ರೊಟ್ಟಿ ಬೆಂದದ್ದಿಲ್ಲ. ಒಂದೇ ಒಂದು ಜೋಳದ ರೊಟ್ಟಿ ಬಡಿದೆ, ಮೆಂತ್ಯದ ಪಲ್ಯ ಮಾಡಿದೆ. ಅರ್ಧ ರೊಟ್ಟಿ ಇವರ ತಟ್ಟೆಗೆ ಹಾಕಿ, ಉಳಿದರ್ಧ ಹಿಡಿದು ಎದುರಿಗೆ ಕುಳಿತೆ.

"ನಿನ್ನ ನೇಮ ಯಾಕ ಮುರೀತಿ?" ಎಂದರು.

"ಪಥ್ಯ ನಿಮ್ಮೊಬ್ಬರಿಗೇ ಬಿಟ್ರ ಏನಾಗ್ತದ ಅಂತ ನೋಡೀನಲ್ರಿ."

ತುತ್ತು ಬಾಯಿಗಿಡುವ ಮೊದಲು ದೇವರಿಗೆ ಕೈಮುಗಿದೆ. ನೇಮ ಮುರಿದ ಪಾಪ ನನಗಿರಲಿ, ಇವರ ಇನ್ನೊಂದು ಕಾಲು ಉಳಿಸಪ್ಪ ಎಂದೆ.