ಎಡಗೈಯ ಕೆಂಪು ಪಟ್ಟಿ

ಕ್ಷೌರದಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ರೇಡಿಯೋ ಎಂದೇ. ಕತ್ತರಿ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಗಿರಾಕಿ ತಲೆ ಅಲ್ಲಾಡಿಸಿದರೆ ಮಾತ್ರ ಗದರುತ್ತಿದ್ದ: “ತಲೆ ಕೊಟ್ಟಾದ್ಮೇಲೆ ಸುಮ್ನೆ ಕೂತ್ಕೋಬೇಕು. ಕತ್ತಿ ನನ್ನ ಕೈಲಿದೆ, ನೆನಪಿರಲಿ!”

ಎರಡೂ ಕಿಡ್ನಿ ಕೈಕೊಟ್ಟ ಮೇಲೂ ಆ ಬಾಯಿ ಸೋಲಲಿಲ್ಲ. ಡಯಾಲಿಸಿಸ್‌ಗೆಂದು ಅವನ ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದು ಸೂಜಿಗೆ ದಾರಿ ಮಾಡಿದ್ದರು. ಮುಟ್ಟಿದರೆ ಒಳಗೆ ಗುಂಯ್ ಎಂದು ರಕ್ತ ಓಡುವುದು ತಿಳಿಯುತ್ತಿತ್ತು. ಬೆಳಿಗ್ಗೆ ಹೆಂಡತಿ ಅದಕ್ಕೆ ಕಿವಿಯಿಟ್ಟು, “ಓಡ್ತಿದೆ ರೀ, ಎದ್ದೇಳಿ” ಎನ್ನುವಳು. ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋದೀತೆಂದು ಆ ಕೈಯನ್ನು ಬಿಗಿಯಬಾರದು, ಬಿಪಿ ನೋಡಬಾರದು, ಅದರ ಮೇಲೆ ಮಲಗಲೂ ಬಾರದು. ಎಲ್ಲರ ಕಣ್ಣಿಗೂ ಬೀಳಲೆಂದು ಡಯಾಲಿಸಿಸ್ ವಾರ್ಡಿನವರು ಅದಕ್ಕೊಂದು ಕೆಂಪು ಪಟ್ಟಿ ಕಟ್ಟಿದ್ದರು. “ಹೊಸ ಅಳಿಯನಿಗೂ ಇಷ್ಟು ಉಪಚಾರ ಇರಲ್ಲ” ಎಂದು ಅವನು ನಗುತ್ತಿದ್ದ.

ಆಮೇಲೆ ಎದೆನೋವು ಶುರುವಾಯಿತು. ಹೃದಯದ ಡಾಕ್ಟರು ಸುಳ್ಳು ಹೇಳಲಿಲ್ಲ. “ಡಯಾಲಿಸಿಸ್‌ನವರಿಗೆ ಬೈಪಾಸ್‌ನಲ್ಲಿ ಅಪಾಯ ಜಾಸ್ತಿ. ದಾಟಿಬಿಟ್ರೆ ಮಾತ್ರ ಒಳ್ಳೇದಾಗುತ್ತೆ. ಮಾಡಿಸದೆ ಇದ್ರೆ ನಾನೇನೂ ಹೇಳೋಕಾಗಲ್ಲ” ಎಂದರು.

ಅತ್ತ ದರಿ, ಇತ್ತ ಪುಲಿ. ಅವನು ಒಪ್ಪಿಕೊಂಡ.

ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಬಂದು, ಮೈಮೇಲಿರುವುದನ್ನೆಲ್ಲ ತೆಗೆಯಬೇಕೆಂದಳು. ಉಂಗುರ ತೆಗೆದ. ಪಟ್ಟಿಯ ಮೇಲೆ ಕೈಯಿಟ್ಟು, “ಇದೂನಾ?” ಎಂದ. “ಎಲ್ಲಾನೂ” ಎಂದಳು ಆಕೆ, ತಲೆಯೆತ್ತದೆ. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಆಗ ಮಾತ್ರ ಮುಚ್ಚಿಕೊಂಡಿತು. ತಲೆ ಕೊಟ್ಟಾಗಿತ್ತಲ್ಲ! ಪಟ್ಟಿ ಬಿಚ್ಚಿ ಹೆಂಡತಿಯ ಕೈಗಿಟ್ಟ.

ಎಚ್ಚರವಾದಾಗ ಗಂಟಲಲ್ಲಿ ಕೊಳವೆಯಿತ್ತು. ಅದನ್ನು ಕಿತ್ತುಕೊಂಡಾನೆಂದು ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಬಲಗೈ ತುಂಬ ಸೂಜಿ. ಹಾಗಾಗಿ ಬಿಪಿ ಯಂತ್ರವನ್ನು ಎಡಗೈಗೆ ಸುತ್ತಿದ್ದರು. ಹೃದಯದ ವಾರ್ಡಿನಲ್ಲಿ ಕೈ ಎಂದರೆ ಕೈ, ಅಷ್ಟೆ. ಯಂತ್ರ ತನ್ನಷ್ಟಕ್ಕೆ ಗಾಳಿ ತುಂಬಿಕೊಂಡು ತೋಳು ಹಿಚುಕಿತು. ಬಿಟ್ಟಿತು. ಮತ್ತೆ ಹಿಚುಕಿತು. ಅವನು ತಲೆ ಕೊಡವಿದ, ಕಾಲು ಬಡಿದ, ಕಣ್ಣಲ್ಲಿ ನೀರು ತಂದುಕೊಂಡು ಆ ಕೈಯನ್ನೇ ನೋಡಿದ. ಜೀವಮಾನವಿಡೀ ಬೇಡದ್ದೆಲ್ಲ ಮಾತಾಡಿದವನಿಗೆ ಬೇಕಾದ ಒಂದು ಮಾತು ಹೊರಡಲಿಲ್ಲ.

“ತುಂಬಾ ಒದ್ದಾಡ್ತಿದ್ದಾರೆ” ಎಂದು ನರ್ಸ್ ನಿದ್ದೆಯ ಮದ್ದು ಕೊಟ್ಟಳು.

ಕೊಳವೆ ತೆಗೆದ ಮೇಲೆ ಹೆಂಡತಿಯನ್ನು ಒಳಗೆ ಬಿಟ್ಟರು. ಅವಳು ಕುಶಲ ಕೇಳಲಿಲ್ಲ. ಬಗ್ಗಿ ಎಡಗೈಗೆ ಕಿವಿಯಿಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ತಲೆಯೆತ್ತಿ, “ಓಡ್ತಿಲ್ಲ ರೀ” ಎಂದಳು.

“ಆಪರೇಷನ್ ಆದ್ಮೇಲೆ ಬಿಪಿ ಇಳಿದ್ರೆ ಹೀಗಾಗೋದುಂಟು. ಡಯಾಲಿಸಿಸ್‌ನವರಲ್ಲಿ ಇದೆಲ್ಲ ಇದ್ದದ್ದೇ” ಎಂದರು ಡಾಕ್ಟರು. ಅದೂ ನಿಜವೇ. ತಪ್ಪು ಮುಚ್ಚಲು ಅರ್ಧ ನಿಜಕ್ಕಿಂತ ಬೆಚ್ಚನೆಯ ಕಂಬಳಿ ಯಾವುದಿದೆ?

ಕೆಲವು ತಿಂಗಳು ಕುತ್ತಿಗೆಗೆ ನಳಿಗೆ ಹಾಕಿ ಡಯಾಲಿಸಿಸ್ ನಡೆಸಿದರು. ಅಲ್ಲಿ ಕೀವಾಗಿ, ಚಳಿಜ್ವರ ಬಂದು, ಕೊನೆಗೆ ಬಲಗೈಯಲ್ಲೇ ಹೊಸ ದಾರಿ ಹೊಲಿದರು. ಕತ್ತರಿ ಹಿಡಿಯುವ ಕೈ. ಈಗ ಅದರ ಬೆರಳುಗಳು ಯಾವಾಗಲೂ ತಣ್ಣಗೆ. ಕತ್ತಿ ಹಿಡಿದರೆ ಜೋಮು ಹತ್ತುತ್ತದೆ. ಅಂಗಡಿಯಲ್ಲಿ ಭಾವಮೈದ ಕ್ಷೌರ ಮಾಡುತ್ತಾನೆ. ರೇಡಿಯೋ ಗಿರಾಕಿಗಳ ಬೆಂಚಿನ ಮೇಲೆ ಕೂತು ಕನ್ನಡಿ ನೋಡುತ್ತಾನೆ. ಯಾರಾದರೂ ಮಾತಾಡಿಸಿದರೆ ಹೂಂ ಎನ್ನುತ್ತಾನೆ.

ವರ್ಷವಾದ ಮೇಲೆ ಹೃದಯದ ಡಾಕ್ಟರು ಪರೀಕ್ಷಿಸಿ ಹಿಗ್ಗಿದರು. “ಹಾರ್ಟ್ ಫಸ್ಟ್ ಕ್ಲಾಸ್! ನಿಮ್ಮಂಥವರಲ್ಲಿ ಇಷ್ಟು ಚೆನ್ನಾಗಿ ದಾಟಿದವರು ಕಡಿಮೆ. ಖುಷಿಯಾಗಿರಿ.”

ಬಿಪಿ ನೋಡಲು ಬಂದ ಹೊಸ ನರ್ಸ್ ಬಲಗೈಯ ಕೆಂಪು ಪಟ್ಟಿ ಕಂಡು ತಡೆದಳು. “ಯಾವ ಕೈಗೆ ಕಟ್ಲಿ, ಅಣ್ಣಾ?” ಎಂದು ಮೆತ್ತಗೆ ಕೇಳಿದಳು.

ಅವನು ಎಡಗೈ ಚಾಚಿದ.

“ಇದಕ್ಕೇ ಕಟ್ಟಮ್ಮಾ, ಎಷ್ಟು ಬೇಕಾದ್ರೂ ಬಿಗಿ. ಈ ಕೈ ನಿಮ್ಮದೇ.”