ಕೊಂಬಿನ ಗೂಬೆಯ ಗೂಡಿಗೆ ಹೋದ ಭಾನುವಾರ

ನಮ್ಮಲ್ಲಿ ಇದ್ದದ್ದು ಒಂದೇ ಕ್ಯಾಮೆರಾ, ಬಳಸುವವರು ಮೂವರು: ನಾನು, ನನ್ನ ಗಂಡ, ಮತ್ತು ಮುಳಬಾಗಿಲು ಬಸ್ ಸ್ಟ್ಯಾಂಡಿನ ಹಿಂದೆ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಅವರ ಸ್ನೇಹಿತ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದೆ, ನಮ್ಮವರು ರೇಷ್ಮೆ ಇಲಾಖೆಯಲ್ಲಿದ್ದರು. ಕ್ಯಾಮೆರಾ ರಷ್ಯಾದ್ದು, ಯಾರೋ ಬಳಸಿ ಬಿಟ್ಟದ್ದು. ಶಟರ್ ಆಗಾಗ ಕಚ್ಚಿಕೊಳ್ಳುತ್ತಿತ್ತು. ಗಡಿಯಾರದ ಸ್ನೇಹಿತರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದನ್ನು ಬಿಡಿಸಿಕೊಡುತ್ತಿದ್ದರು. ಬಿಡಿಸುತ್ತ ಬಿಡಿಸುತ್ತ ಅವರಿಗೂ ಫೋಟೋದ ಹುಚ್ಚು ಅಂಟಿತು. ನಾನು ಅವರನ್ನು ಭಾಯಿ ಅನ್ನುತ್ತಿದ್ದೆ.

ನಮ್ಮವರಿಗೆ ಹಕ್ಕಿ, ಪ್ರಾಣಿ ಬೇಕು. ನನಗೆ ಕದಲದೆ ಕೂರುವ ವಸ್ತುಗಳು ಬೇಕು: ಹಿತ್ತಾಳೆ ಚೊಂಬು, ನಿಂಬೆಹಣ್ಣು, ಅತ್ತೆ ಶ್ರೀನಿವಾಸಪುರದ ತೋಟದಿಂದ ಕಳಿಸುತ್ತಿದ್ದ ಮಾವು. ಇಂಥ ಚಿತ್ರಕ್ಕೆ ಸ್ಟಿಲ್ ಲೈಫ್ ಅನ್ನುತ್ತಾರೆ ಎಂದು ಒಂದು ಹಳೆಯ ಪತ್ರಿಕೆಯಲ್ಲಿ ಓದಿದ್ದೆ. ಭಾನುವಾರ ಕ್ಯಾಮೆರಾ ನಮ್ಮವರ ಜೊತೆ ಬೆಟ್ಟಕ್ಕೆ ಹೋಗುತ್ತಿತ್ತು. ನಾನು ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿಕೊಂಡು, ಕಿಟಕಿಯ ಬಳಿ ಜೋಡಿಸಿದ ಹಣ್ಣುಗಳನ್ನು ಅದರೊಳಗಿಂದ ನೋಡುತ್ತ ಕೂರುತ್ತಿದ್ದೆ. ಹೊರಗಿನವರಿಗೆ ಅದು ಕಲಿಕೆಯಂತೆ ಕಾಣುತ್ತಿತ್ತೇನೋ. ನಿಜವಾಗಿ ನಾನು ಮೊಪೆಡ್ ಸದ್ದಿಗೆ ಕಾಯುತ್ತಿದ್ದೆ. ಹವಾಯಿ ಚಪ್ಪಲಿ ಹಾಕಿಕೊಂಡು ಬಂಡೆ ಹತ್ತುವ ಮನುಷ್ಯ ಅವರು. ಜಾರಿದರೆ? ಕರಡಿ ಎದುರಾದರೆ? ಬಿದ್ದು ಕೂಗಿದರೆ ಯಾರಿಗೆ ಕೇಳಿಸೀತು? ಮಾವಿನ ಮೇಲಿನ ಬಿಸಿಲು ಚೊಂಬಿಗೆ ಸರಿದು, ಚೊಂಬಿನಿಂದ ಗೋಡೆಗೆ ಏರುವಷ್ಟರಲ್ಲಿ ನಾನು ನಾಲ್ಕಾರು ಸಲ ಬಾಗಿಲಿಗೆ ಹೋಗಿ ಬಂದಿರುತ್ತಿದ್ದೆ. ಅವರು ಬಂದು ಮೊಪೆಡ್ ಸ್ಟ್ಯಾಂಡ್ ಹಾಕಿದ ಮೇಲೆ ಆ ಭಯವೆಲ್ಲ ಕೋಪವಾಗಿ ಹೊರಗೆ ಬರುತ್ತಿತ್ತು.

ಆ ವರ್ಷ ಬೇಸಿಗೆ ಶುರುವಾಗುವಾಗ ಕುರುಡುಮಲೆಯ ಆಚೆಯ ಒಂದು ಗುಡ್ಡದಲ್ಲಿ ಅವರಿಗೆ ಕೊಂಬಿನ ಗೂಬೆಯ ಗೂಡು ಸಿಕ್ಕಿತು. ಗೂಡು ಎಂದರೆ ಗೂಡೇನೂ ಅಲ್ಲ, ಬಂಡೆಯ ನಡುವಿನ ಒಂದು ಚಾಚಿನ ಮೇಲೆ ಬರಿಯ ಮಣ್ಣಿನಲ್ಲಿ ಎರಡು ಬಿಳಿಯ ಮರಿಗಳು. ನಮ್ಮ ಲೆನ್ಸ್ ಅಷ್ಟು ದೂರದ್ದನ್ನು ಎಳೆಯುವುದಲ್ಲ. ಹತ್ತಿರ ಹೋಗಲೇಬೇಕು. ಅವರು ಪಕ್ಕದ ಇನ್ನೊಂದು ಚಾಚಿಗೆ ಹತ್ತಿ, ಕಂಬಳಿ ಹೊದ್ದು ಮಲಗಿ, ಲೆನ್ಸ್ ಮಾತ್ರ ಹೊರಗಿಡುವ ಉಪಾಯ ಮಾಡಿದ್ದರು.

ಅತ್ತೆ ಆಗ ನಮ್ಮ ಮನೆಗೆ ಬಂದಿದ್ದರು. ವಿಷಯ ಕೇಳಿದ್ದೇ ತಡ, ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಅಯ್ಯೋ ದೇವುಡಾ! ಗೂಬೆ ಪಟ ತಂದು ಮನೇಗ್ ಇಕ್ಕೊಂತಾನಾ? ನೀನಾದ್ರೂ ಯೋಳಮ್ಮಾ ಅವ್ನಿಗೆ."

"ನನ್ ಮಾತೆಲ್ಲಿ ಕೇಳ್ತಾರೆ ಅತ್ತೆ?"

"ಅಂಗಾದ್ರೆ ನೀನೂ ಜತ್ಯಾಗ್ ಹೋಗು. ಕಣ್ಮುಂದೆ ಇದ್ರೆ ಒಸಿ ಉಸಾರಾಗಿರ್ತಾನೆ."

ಹೀಗೆ ಮರು ಭಾನುವಾರ ನಾನೂ ಹೊರಟೆ. ನಾನು ಮತ್ತು ನಮ್ಮವರು ಮೊಪೆಡ್‌ನಲ್ಲಿ, ಭಾಯಿ ಸೈಕಲ್‌ನಲ್ಲಿ. ಬೆಳಕು ಹರಿಯುವ ಮೊದಲೇ ನಮ್ಮವರು ಹತ್ತಿ ಕಂಬಳಿ ಎಳೆದುಕೊಂಡರು. ನಾನು ಮತ್ತು ಭಾಯಿ ಬುಡದಲ್ಲಿ ಒಂದು ಹೊಂಗೆಯ ಕೆಳಗೆ ಕೂತೆವು. ನಾನು ಕಂಬಳಿಯನ್ನೇ ನೋಡುತ್ತಿದ್ದೆ. ಬೆಳಕು ಬರುತ್ತ ಬಂದಾಗ ಅದರ ಮೇಲುಗಡೆ, ಬಂಡೆಯ ಸೂರಿನಡಿ, ಇನ್ನೊಂದು ಕಂಬಳಿ ತೂಗುಹಾಕಿದಂತೆ ಏನೋ ಕಾಣಿಸಿತು.

"ಭಾಯಿ, ಅದೇನು ಕರ್‍ರಗೆ?"

ಅವರು ನೋಡಿದರು.

"ಹೆಜ್ಜೇನು ಭಾಬಿ. ಹೋದ್ವಾರ ಇರ್ಲಿಲ್ಲ, ಈಗ್ ಬಂದು ಕೂತವೆ."

"ಅವ್ರಿಗೆ ಕಾಣ್ಸುತ್ತಾ?"

"ಎಂಗ್ ಕಾಣ್ತದೆ? ನೆತ್ತಿ ಮೇಲೈತೆ."

ಕೂಗೋಣ ಎಂದೆ. ಬೇಡ ಎಂದರು ಭಾಯಿ. ಕೂಗಿದರೆ ಇವರು ಏನಾಯಿತೋ ಎಂದು ದಡಬಡ ಏಳುತ್ತಾರೆ, ಎದ್ದರೆ ತಲೆ ನೇರ ಜೇನುಹುಟ್ಟಿಗೇ ತಾಗುತ್ತದೆ. ತಾವಾಗಿ ಹೇಗೆ ತೆವಳಿ ಹೋದರೋ ಹಾಗೇ ತೆವಳಿ ಇಳಿಯಲಿ, ಅಲ್ಲಿವರೆಗೆ ನಾವು ಸುಮ್ಮನಿರೋಣ ಎಂದು ತೀರ್ಮಾನವಾಯಿತು. ಸುಮ್ಮನಿರುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಆಗಾಗ ಆ ಕಪ್ಪು ಪರದೆಯ ಮೇಲೆ ಅಲೆಯೊಂದು ಎದ್ದು ಅಡ್ಡಕ್ಕೆ ಹರಿದು ಹೋಗುತ್ತಿತ್ತು. ನೀರಿಗೆ ಕಲ್ಲು ಹಾಕಿದ ಹಾಗೆ. ಪ್ರತಿ ಅಲೆಗೂ ನಾನು ಸೀರೆಯ ಅಂಚನ್ನು ಹಿಸುಕುತ್ತಿದ್ದೆ. ಗೂಬೆ ಬರಲಿ, ಇವರು ಫೋಟೋ ತೆಗೆಯಲಿ, ಇಳಿಯಲಿ. ಮನಸ್ಸಿನಲ್ಲಿ ಇಷ್ಟೇ.

ಗೂಬೆ ಬರಲಿಲ್ಲ. ಬಂದದ್ದು ಒಂದು ಗಿಡುಗ, ಜೇನುಹುಟ್ಟು ತಿನ್ನುವ ಜಾತಿಯದು. ಗುಡ್ಡದ ಹಿಂದಿನಿಂದ ತೇಲುತ್ತ ಬಂದು, ರೆಕ್ಕೆ ಮಡಿಸಿ ನೇರ ಜೇನುಹುಟ್ಟಿಗೇ ಎರಗಿ, ಒಂದು ತುಂಡು ಕಿತ್ತುಕೊಂಡು ಹೋಯಿತು. ಎಲ್ಲ ಒಂದು ಉಸಿರಿನೊಳಗೆ. ಆಮೇಲೆ ಲಾರಿ ಗೇರು ಬದಲಿಸಿದಂಥ ಸದ್ದು, ಬಂಡೆಯ ಮುಂದೆಲ್ಲ ಹೊಗೆಯಂತೆ ಹುಳು.

ನಾನು ಎದ್ದು ಗುಡ್ಡದ ಕಡೆಗೇ ಓಡಿದೆನಂತೆ. ಭಾಯಿ ನನ್ನ ರಟ್ಟೆ ಹಿಡಿದು ಜಗ್ಗಿದ್ದು ಮಾತ್ರ ನೆನಪಿದೆ.

"ನಕ್ಕೋ ಭಾಬಿ, ನಕ್ಕೋ! ಓಡ್ಬ್ಯಾಡಿ! ಮಲಿಕ್ಕಳಿ!"

ಲಂಟಾನದ ಪೊದೆಯೊಳಗೆ ನನ್ನನ್ನು ನೂಕಿ, ಸೆರಗಿನ ಮೇಲೆ ತಮ್ಮ ಟವಲನ್ನೂ ಹೊದಿಸಿ, ತಾವು ಅಂಗಿ ತಲೆಗೆಳೆದುಕೊಂಡು ಪಕ್ಕದಲ್ಲೇ ಬಿದ್ದುಕೊಂಡರು. ಕುತ್ತಿಗೆಗೆ, ಕೈಗೆ ಬೆಂಕಿ ಕಡ್ಡಿ ಒತ್ತಿದಂತೆ ಕುಟುಕಿದವು. ನನಗೆ ಅದರ ಪರಿವೆಯಿಲ್ಲ. ಮುಳ್ಳುಗಳ ಸಂದಿನಿಂದ ಚಾಚು ಕಾಣುತ್ತಿತ್ತು. ಕಂಬಳಿ ಅಲುಗುತ್ತಿರಲಿಲ್ಲ. ಅಲುಗದಿರುವುದು ಒಳ್ಳೆಯದೋ ಕೆಟ್ಟದೋ? ನೋವು ತಾಳದೆ ಅಲ್ಲಿಂದ ಹಾರಿಬಿಟ್ಟರೆ ಕೆಳಗೆ ಬರೀ ಗುಂಡುಕಲ್ಲು. ಹಾರಬೇಡಿ, ಹಾರಬೇಡಿ ಎಂದು ಪಿಸುಗುಡುತ್ತಿದ್ದೆ. ಮರುಕ್ಷಣ, ಒಂದು ಸಲವಾದರೂ ಅಲುಗಿ ಎಂದು ಬೇಡಿಕೊಳ್ಳುತ್ತಿದ್ದೆ.

ಎಷ್ಟು ಹೊತ್ತಾಯಿತೋ ತಿಳಿಯದು. ಮೊರೆತ ತಗ್ಗಿ, ಹುಳು ಮತ್ತೆ ಹುಟ್ಟಿಗೆ ಅಂಟಿಕೊಳ್ಳುತ್ತ ಬಂದಾಗ ಕಂಬಳಿಯ ಅಂಚಿನಿಂದ ಒಂದು ಕೈ ಹೊರಬಂತು. ಬಂಡೆಯನ್ನು ತಡವಿತು. ಅವರು ಕಣ್ಣು ಕಾಣದವರ ಹಾಗೆ ಕೂತು ಜಾರುತ್ತಿದ್ದರು. ಭಾಯಿ ನನಗಿಂತ ಮೊದಲೇ ಅರ್ಧ ಹತ್ತಿಯಾಗಿತ್ತು.

"ಸಾರ್, ಎಡಗಾಲು ಬಿಡಿ. ಇನ್ನೊಸಿ ಕೆಳಕ್ಕೆ. ಹಾಂ, ಅಲ್ಲೇ. ನಾನ್ ಹಿಡ್ಕಂಡಿದೀನಿ."

ಕೆಳಗೆ ಬಂದಾಗ ಅವರ ಮುಖವನ್ನು ನಾನು ಗುರುತು ಹಿಡಿಯಲಾರದೆ ಹೋದೆ. ರೆಪ್ಪೆಗಳು ಊದಿ ಮುಚ್ಚಿದ್ದವು, ತುಟಿ ದಪ್ಪಗಾಗಿ ಮಾತು ಹೊರಡುತ್ತಿರಲಿಲ್ಲ. ಉಸಿರು ಸಿಳ್ಳೆಯಂತೆ ಬರುತ್ತಿತ್ತು. ಮೊಪೆಡ್‌ನಲ್ಲಿ ಇಬ್ಬರಿಗೇ ಜಾಗ. ಭಾಯಿ ಅವರನ್ನು ಹಿಂದೆ ಕೂರಿಸಿ, ಟವಲಿನಿಂದ ತಮ್ಮ ಸೊಂಟಕ್ಕೆ ಕಟ್ಟಿಕೊಂಡು ಹೊರಟರು. ನನಗೆ ಸೈಕಲ್ ಬರುತ್ತಿರಲಿಲ್ಲ. ಅದನ್ನು ಹೊಂಗೆಯ ಬುಡದಲ್ಲೇ ಬಿಟ್ಟು ನಡೆದೆ.

ಆ ರಸ್ತೆಯ ಇಕ್ಕೆಲದಲ್ಲೂ ಹಿಪ್ಪುನೇರಳೆ ತೋಟ. ನೀರು ಕಟ್ಟುತ್ತಿದ್ದವರು ತಲೆಯೆತ್ತಿ ನೋಡುತ್ತಿದ್ದರು. ನನ್ನ ತಲೆಯಲ್ಲಿ ಆಸ್ಪತ್ರೆಯ ಬಾಗಿಲು, ಅಲ್ಲಿ ನಿಂತ ಭಾಯಿ, ಅವರು ಹೇಳಲಿರುವ ಮಾತು, ಇವೇ ಮತ್ತೆ ಮತ್ತೆ ಸುತ್ತುತ್ತಿದ್ದವು. ಹಳ್ಳಿಯಲ್ಲಿ ಹಾಲು ತುಂಬಿಕೊಂಡು ಊರಿಗೆ ವಾಪಸಾಗುತ್ತ ಹಿಂದಿನಿಂದ ಬಂದ ಲಾರಿಗೆ ಕೈ ಅಡ್ಡ ಹಾಕಿದೆ. ಡ್ರೈವರ್ ಕ್ಯಾನುಗಳ ಪಕ್ಕ ಹತ್ತಿಸಿಕೊಂಡ. ಕೇಳದೆ ಇರಲಾಗಲಿಲ್ಲ.

"ದಾರೀಲಿ ಮೊಪೆಡ್ ಏನಾದ್ರೂ ಸಿಕ್ತಾಪ್ಪಾ?"

"ಮಕ ಊದ್ಕಂಡಿದ್ನಲ್ಲ, ಆಯಪ್ಪಾನಾ? ನಾನಿತ್ಲಾಗ್ ಬರೋವಾಗ ಎದುರ್‍ಗೆ ಬಂದ್ರಮ್ಮ. ಕೂತೇ ಇದ್ದ. ತಲೆ ನೆಟ್ಟಗಿತ್ತು."

ತಲೆ ನೆಟ್ಟಗಿತ್ತು. ಊರು ಮುಟ್ಟುವವರೆಗೂ ಅದೊಂದೇ ಮಾತನ್ನು ಹಿಡಿದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟಾಗಿತ್ತು. ನರ್ಸ್ ಚಿಮಟ ಹಿಡಿದು ಜೇನಿನ ಮುಳ್ಳುಗಳನ್ನು ಒಂದೊಂದಾಗಿ ಕೀಳುತ್ತಿದ್ದರು. "ಉಸಿರು ಸಲೀಸಾಗ್ತಿದೆ, ಆದ್ರೂ ಇವತ್ತು ಇಲ್ಲೇ ಇರ್ಲಿ" ಎಂದರು ಡಾಕ್ಟರು. ಅತ್ತೆ ಬಂದು ಮಗನ ಕಾಲು ಹಿಡಿದು ಅತ್ತರು. ಗೂಬೆಯ ಸುದ್ದಿ ಎತ್ತಲಿಲ್ಲ, ಅದಕ್ಕೆ ಇಂದಿಗೂ ನಾನು ಅವರಿಗೆ ಋಣಿ. ಸಂಜೆ ನಮ್ಮವರ ತುಟಿ ಅಲುಗಿತು. ಕಿವಿ ಹತ್ತಿರ ಒಯ್ದೆ.

"ಕ್ಯಾಮೆರಾ ಅಲ್ಲೇ ಉಳೀತು ಕಣೇ. ಮರಿಗಳು ಏನಾದ್ವೋ."

ನನಗೆ ಬಂದ ಸಿಟ್ಟಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಅವರು ಮನೆಗೆ ಬಂದು, ಕಣ್ಣು ಬಿಟ್ಟು, ಊಟ ಮಾಡುವ ಹಾಗಾದ ಮೇಲೆ ಭಾಯಿ ಕ್ಯಾಮೆರಾ ತರಲು ಹೊರಟರು. ನಾನೂ ಬರುತ್ತೇನೆ ಎಂದೆ. ಕೆಳಗೆ ನಿಂತು ನೋಡುವುದು ನನ್ನಿಂದ ಇನ್ನೊಮ್ಮೆ ಆಗದು, ಯಾರಾದರೂ ಹತ್ತುವುದಾದರೆ ನಾನೇ ಹತ್ತುತ್ತೇನೆ ಎಂದೂ ಹೇಳಿದೆ. ಗುಡ್ಡ ತಲುಪಿದಾಗ ಹೆಜ್ಜೇನು ಅಲ್ಲಿರಲಿಲ್ಲ, ಬಂಡೆಯಲ್ಲಿ ಮೇಣದ ಕಲೆ ಮಾತ್ರ. ಭಾಯಿ ಕೆಳಗಿನಿಂದ ಕಾಲಿಡುವ ಜಾಗ ಹೇಳುತ್ತ ಹೋದರು, ನಾನು ಸೀರೆ ಎತ್ತಿ ಕಟ್ಟಿ ಹತ್ತಿದೆ.

ಕ್ಯಾಮೆರಾ ಕಂಬಳಿಯ ಮಡಿಕೆಯಲ್ಲಿ ಹಾಗೇ ಇತ್ತು. ಆಚೆಯ ಚಾಚಿನಲ್ಲಿ ಒಂದೇ ಮರಿ. ಇನ್ನೊಂದು ಎಲ್ಲಿ ಹೋಯಿತೋ. ಉಳಿದದ್ದು ನನ್ನನ್ನು ಕಂಡು ಮೈ ಉಬ್ಬಿಸಿಕೊಂಡು ಕೊಕ್ಕು ಟಕಟಕ ಕುಟ್ಟಿತು. ಕಿತ್ತಳೆ ಕಣ್ಣು. ಹೊಟ್ಟೆಯ ಮೇಲೆ ಮಲಗಿ ಫೋಕಸ್ ಮಾಡಿದೆ. ಬೆಳಕು ಕೊಂಚ ಓರೆಯಾಗಲಿ ಎಂದು ಕಾದೆ. ಮೂರು ಸಲ ಒತ್ತಿದೆ. ಇಳಿಯುವಾಗ ಹೊಳೆಯಿತು: ಅಷ್ಟು ಹೊತ್ತು ನನಗೆ ಭಯವೇ ಆಗಿರಲಿಲ್ಲ. ಮೇಲೆ ಮಲಗಿದವರಿಗೆ ಮರಿ, ಬೆಳಕು, ಲೆನ್ಸ್ ಇಷ್ಟೇ ಇರುತ್ತದೆ. ಉಳಿದದ್ದೆಲ್ಲ ಕೆಳಗೆ ಕೂತವರ ಪಾಲು.

ಬಚ್ಚಲುಮನೆಯಲ್ಲಿ ನಾವೇ ಫಿಲ್ಮ್ ತೊಳೆದೆವು. ಎರಡು ಅಲ್ಲಾಡಿದ್ದವು, ಒಂದು ಸರಿಯಾಗಿತ್ತು. ನಮ್ಮವರು ಅದನ್ನು ಬಲ್ಬಿನ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಅವರು ಬಂಡೆ ಹತ್ತಲಿಲ್ಲ. ಹತ್ತಬೇಡಿ ಎಂದು ನಾವ್ಯಾರೂ ಹೇಳಲಿಲ್ಲ. ಒಂದೆರಡು ಸಲ ಗುಡ್ಡದ ಬುಡದವರೆಗೆ ಹೋಗಿ, ಯಾಕೋ ಆಗಲ್ಲ ಕಣೇ ಎಂದು ತಿರುಗಿದರು. ನಿಧಾನವಾಗಿ ನನ್ನ ಕಿಟಕಿಯ ಬಳಿ ಕೂರತೊಡಗಿದರು. ನಾನು ಹೊರಗೆ ಹೋಗತೊಡಗಿದೆ.

ಎಂಬತ್ತರ ದಶಕದಲ್ಲಿ ಒಂದು ಭಾನುವಾರ ಭಾಯಿ, ಅವರ ಹೆಂಡತಿ ಮತ್ತು ನಾನು ಲಕ್ಕೂರು ಕಡೆಯ ಕೆರೆಗೆ ಬಾತುಗಳ ಫೋಟೋ ತೆಗೆಯಲು ಹೋಗಿದ್ದೆವು. ಮಾಲೂರಿನಿಂದ ಬರುವಾಗ ಕೋಲಾರದ ಹತ್ತಿರ ಬಸ್ಸಿನ ಟೈರು ಪಂಕ್ಚರ್ ಆಯಿತು. ಮುಳಬಾಗಿಲಲ್ಲಿ ಇಳಿದಾಗ ದೀಪ ಹತ್ತಿದ್ದವು. ನಮ್ಮವರು ಪ್ಲಾಟ್‌ಫಾರಂ ಕಂಬಕ್ಕೆ ಆತುಕೊಂಡು ನಿಂತಿದ್ದರು. ನನ್ನನ್ನು ಕಂಡದ್ದೇ ದನಿ ಎತ್ತಿದರು.

"ಎಷ್ಟೊತ್ತಿಗೆ ಬರ್ತೀನಂದಿದ್ದೆ? ಎಷ್ಟ್ ಬಸ್ ನೋಡ್ದೆ ನಾನು! ಕೆರೆ ಅಂದ್ರೆ ಕೆಸರು, ಗುಂಡಿ... ಏನಂತ ತಿಳ್ಕೋಬೇಕು?"

ಸುತ್ತಲಿದ್ದವರು ತಿರುಗಿ ನೋಡಿದರು.

"ಊಟ ಮಾಡಿದ್ರಾ?" ಎಂದೆ.

"ಎಲ್ಲಿಂದ ಮಾಡ್ಲಿ?" ಎಂದರು. ನನ್ನ ಹೆಗಲಿನಿಂದ ಬ್ಯಾಗು ತೆಗೆದುಕೊಂಡು, ಇನ್ನೂ ಗೊಣಗುತ್ತ ಮುಂದೆ ನಡೆದರು.